ಮೂಡಲ ಗೋಡೆಯಾಚೆಯ ಹೆಸರು

ತಡಸದ ಅನ್ನವ್ವ ಬಾಳುವೆ ಮಾಡಿದಷ್ಟು ದಿನವೂ ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ. ಆ ಕಾಲಕ್ಕೆ ಯಾವ ಹೆಂಗಸೂ ತರುತ್ತಿರಲಿಲ್ಲ. ಅವಳ ಪೇಚೆಂದರೆ, ಮೂಡಲ ಗೋಡೆಗೆ ಹೊಂದಿದ ಮನೆಯ ಗಾಣಿಗನಿಗೂ ಗಂಡನದೇ ಹೆಸರು. ಹಾಗಾಗಿ ಅವನು ಅವಳಿಗೆ ಬರೀ ಗಾಣದಣ್ಣ.

ಮಕ್ಕಳಾಗಲಿಲ್ಲವೆಂದು ಗಂಡ ರಟ್ಟೀಹಳ್ಳಿಯ ಹೆಣ್ಣೊಂದನ್ನು ನೋಡಿಕೊಂಡ. ಸಾವಿರದ ಒಂಬೈನೂರ ಐವತ್ತೆಂಟರ ಸುಮಾರು ಅದು. ಮೊದಲು ಮನೆಯನ್ನು ಅನ್ನವ್ವನಿಗೆ ಬರೆದುಕೊಡಲಿ, ಆಮೇಲೆ ಸಂಬಂಧ ಹರಿಯುವ ಸೋಡಚೀಟಿ ಎಂದು ಪಂಚರು ತೀರ್ಮಾನಿಸಿದರು. ಮುಂಜಾನೆ ಶಿಗ್ಗಾಂವದಲ್ಲಿ ಪತ್ರ ಬರೆಯುವಾಗ ಗಂಡ ಬೇವಿನ ಬುಡಕ್ಕೆ ಬೀಡಿ ಸೇದುತ್ತ ಕುಳಿತಿದ್ದ. ಮನೆಯ ನಾಲ್ಕು ದಿಕ್ಕಿನ ಗಡಿ ಕೇಳಿದರೆ, "ಅಕಿಗೆ ಕೊಡೂದಲ್ಲೇನ್ರಿ, ಅಕೀನ್ನ ಕೇಳ್ರಿ" ಎಂದ.

"ಮೂಡಲಕ್ಕ ಯಾರ ಮನಿ ಐತವಾ?" ಎಂದರು ಪತ್ರ ಬರೆಯುವವರು.

ಸೋಡಚೀಟಿಗೆ ಇನ್ನೂ ಹೆಬ್ಬೆಟ್ಟು ಬಿದ್ದಿರಲಿಲ್ಲ. ಅವಳಿನ್ನೂ ಹೆಂಡತಿಯೇ; ಕಾಗದಕ್ಕೆ ಬರೀ ಗಾಣದಣ್ಣ ಎಂದರೆ ನಡೆಯದು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ಆ ಕಡೆ ಹಣಮಪ್ಪನ ಗುಡಿ ಐತ್ರಿ" ಎಂದಳು. ಗುಡಿ ಇದ್ದದ್ದು ಖರೆ, ಆದರೆ ಗಾಣದಣ್ಣನ ಮನೆಯ ಆಚೆಗೆ. ಅವರು ಗುಡಿಯನ್ನೇ ಗಡಿಯೆಂದು ಬರೆದರು; ನಡುವಿನ ಗಾಣದಣ್ಣನ ಮನೆಯೂ ಕಾಗದದಲ್ಲಿ ಅವಳದಾಯಿತು.

ಆಮೇಲೆ ಸೋಡಚೀಟಿಯೂ ಆಗಿ ಗಂಡ ರಟ್ಟೀಹಳ್ಳಿ ಸೇರಿದ. ಪಂಚಾಯತಿಯಲ್ಲಿ ಮನೆಗೆ ಹೆಸರು ಹಚ್ಚಲು ಹೋದಾಗ ಪತ್ರದ ತಪ್ಪು ಬಯಲಾಯಿತು. ಗಾಣದಣ್ಣ ನಕ್ಕುಬಿಟ್ಟ. "ಏನಬೇ ತಂಗಿ, ಎತ್ತು, ಗಾಣ ಸೈತ ನುಂಗಿಬಿಟ್ಟೆಲ್ಲ. ಎಣ್ಣಿ ಬೇಕಾಗಿದ್ರ ಕೇಳಿದ್ರ ಕೊಡ್ತಿದ್ದೆ."

ಅನ್ನವ್ವನಿಗೆ ನಗು ಬರಲಿಲ್ಲ. ಪತ್ರ ತಿದ್ದುವ ತನಕ ಮನೆ ಗಂಡನ ಹೆಸರಿನಲ್ಲೇ ಇರುತ್ತದೆ ಎಂದು ಪಂಚಾಯತಿಯವರು ಹೇಳಿದ್ದರು. ನಾಳೆ ರಟ್ಟೀಹಳ್ಳಿಯವಳು ಬಂದು ಹೊರಗೆ ನಡೆ ಎಂದರೆ ಹೋಗಲು ತವರಿನ ದಿಕ್ಕೂ ಇರಲಿಲ್ಲ. ತಿದ್ದುಪಡಿ ಪತ್ರಕ್ಕೆ ಬರೆದುಕೊಟ್ಟವನೇ ಬಂದು ಸಹಿ ಮಾಡಬೇಕು. ರಟ್ಟೀಹಳ್ಳಿ ಸಂತೆಗೆ ಎಲೆ ಮಾರಲು ಹೋಗುವ ಗುದ್ಲೆಪ್ಪನ ಕೈಯಲ್ಲಿ ಹೇಳಿ ಕಳಿಸಿದಳು. ಸಂತೆಯ ಮೇಲೆ ಸಂತೆ ಸರಿದವು. ಸುಗ್ಗಿ ಮುಗಿದ ಮೇಲೆ ಗಂಡನಾಗಿದ್ದವನು ಬಂದ.

ಶಿಗ್ಗಾಂವದ ಕಚೇರಿಯಲ್ಲಿ ಅವನು ಅವಳತ್ತ ನೋಡಲಿಲ್ಲ. "ಲಗೂ ಮುಗಸ್ರಿ, ಬಸ್ ತಪ್ಪತೈತಿ" ಎಂದು ಬಾಗಿಲಲ್ಲಿ ನಿಂತ. ತಲೆಗೆ ಹೊಸ ರುಮಾಲು. ಸುತ್ತುವ ಕೈ ಮಾತ್ರ ಹಳೆಯದೇ; ಎಂದಿನಂತೆ ಎಡಕ್ಕೆ ಜಾರಿತ್ತು. ಅದನ್ನು ಸರಿಮಾಡುತ್ತಿದ್ದವಳು ಈಗ ಗೋಡೆಗೆ ಒರಗಿ ಕುಳಿತಿದ್ದಳು.

"ಈ ಸಲ ಸರಿಯಾಗಿ ಹೇಳವಾ. ಮೂಡಲಕ್ಕ ಯಾರು?" ಎಂದರು ಪತ್ರ ಬರೆಯುವವರು.

ಅವನೀಗ ಗಂಡನೇ ಅಲ್ಲವೆಂದ ಮೇಲೆ ಯಾವ ಹೆಸರಾದರೇನು. ಆದರೂ ಸೆರಗು ತಾನಾಗಿ ಬಾಯಿಗೆ ಹೋಯಿತು. ಅದನ್ನು ತೆಗೆದು ಹೇಳಿದಳು.

"ಉಳಿವೆಪ್ಪ."

ಬಾಗಿಲಲ್ಲಿದ್ದವನು ತಟ್ಟನೆ ತಿರುಗಿದ. "ಏನ?"

"ನಿಮಗಲ್ರಿ" ಎಂದಳು. "ಗಾಣಿಗೇರ ಉಳಿವೆಪ್ಪ."

ಅವನು ರುಮಾಲು ಸರಿಮಾಡಿಕೊಂಡ. ಸಹಿ ಹಾಕಿ, ಬಸ್ಸಿಗೆ ನಡೆದುಬಿಟ್ಟ.

ಅನ್ನವ್ವ ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಗೋಡೆಯಾಚೆಯಿಂದ ಗಾಣದಣ್ಣ ಕೇಳಿದ, "ಆತೇನಬೇ ತಂಗಿ?"

"ಆತಣ್ಣ. ನಿನ್ನ ಮನಿ ನಿನಗ ಬಂತು, ನನ್ನದು ನನಗ."

ಅತ್ತ ಅವನ ಹೆಂಡತಿ ಏನೋ ಅಂದಳು. ಇಬ್ಬರೂ ನಕ್ಕದ್ದು ಕೇಳಿಸಿತು. ಅನ್ನವ್ವ ಒಳಗೆ ಹೋಗಿ ಅಗುಳಿ ಹಾಕಿದಳು. ದೀಪ ಹಚ್ಚುವ ಮೊದಲು ಆ ಹೆಸರನ್ನು ಮೆಲ್ಲಗೆ ಇನ್ನೊಮ್ಮೆ ಅಂದು ನೋಡಿದಳು. ತನ್ನ ಸ್ವಂತ ಮನೆಯಲ್ಲಿ, ಓ ಅನ್ನುವವರು ಯಾರೂ ಇರಲಿಲ್ಲ.