ಕಣ್ಣಿನ ಆಯಿ ತೆಗೆದ ಹರಳು

ಮೊನ್ನೆ ವಾಡಿಯಿಂದ ಶಹಾಬಾದಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಲವಂಗವೊಂದನ್ನು ಬಾಯಿಗೆ ಹಾಕಿಕೊಂಡಳು. ವಾಸನೆ ಬಂದದ್ದೇ ತಡ, ನನ್ನ ಎಡಗಣ್ಣು ನನ್ನನ್ನು ಕೇಳದೆ ಮುಚ್ಚಿಕೊಂಡಿತು.

"ಧೂಳ ಬಿತ್ತೇನ್ ತಂಗಿ?" ಎಂದಳು ಆಕೆ.

ನಮ್ಮ ಕಡೆ ಕಣ್ಣು ಮುಚ್ಚಿದವರಿಗೆಲ್ಲ ಇದೊಂದೇ ಪ್ರಶ್ನೆ. ಊರ ಸುತ್ತ ಕಲ್ಲಿನ ಖಣಿ, ಊರೊಳಗೆ ಕಲ್ಲು ಕೊಯ್ಯುವ ಮಷಿನ್ನು. ಕಣ್ಣಿಗೆ ಬೇರೆ ಏನಾದರೂ ಆಗಬಹುದು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಲವಂಗದ ಆ ಬಿಸಿ ಬಾಯಿ, ಎವೆ ಎತ್ತಿ ಹಿಡಿದ ಆ ಒರಟು ಹೆಬ್ಬೆರಳು ನೆನಪಾಗಿ ಮೈ ಉರಿಯಿತು...

ನಮ್ಮ ಓಣಿಯ ಮುದುಕಿ ಆಕೆ. ಎಲ್ಲರೂ ಕಣ್ಣಿನ ಆಯಿ ಎನ್ನುತ್ತಿದ್ದರು. ತೀರಿಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಎಂದು ನಂಬುವವರು ಇಲ್ಲಿಗೇ ನಿಲ್ಲಿಸಬಹುದು. ನಾನು ಹಾಗೆ ನಂಬುವುದಿಲ್ಲ.

ರಾವೂರಿನ ಕಡೆ ಕಲ್ಲು ಒಡೆಯುವವರು, ನಮ್ಮೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವವರು ಕಣ್ಣಿಗೆ ಚೂರು ಸಿಡಿಸಿಕೊಂಡರೆ ಮೊದಲು ಓಡಿ ಬರುತ್ತಿದ್ದುದು ಆಕೆಯ ಕಟ್ಟೆಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕೆಲಸ. ಬಾಯಿ ಮುಕ್ಕಳಿಸಿ, ಲವಂಗ ಅಗಿದು ಉಗಿದು, ಬಂದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿಯಿಂದ ಕಣ್ಣೊಳಗಿನ ಹರಳನ್ನು ತಡಕಿ ತೆಗೆಯುತ್ತಿದ್ದಳು. ತೆಗೆದದ್ದನ್ನು ಹಿತ್ತಾಳೆ ತಾಟಿಗೆ ಉಗುಳಿ ಎಲ್ಲರಿಗೂ ತೋರಿಸುತ್ತಿದ್ದಳು. ಎದುರಾಳಿಯ ಗಟ್ಟಿ ಅಂಶವನ್ನು ಮೊದಲೇ ಒಪ್ಪಿಕೊಳ್ಳಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಒಪ್ಪುತ್ತೇನೆ: ಮಷಿನ್ನಿನ ಮೇಲೆ ದುಡಿಯುತ್ತಿದ್ದ ನನ್ನ ಅಪ್ಪನ ಕಣ್ಣಿನಿಂದ ಆಕೆ ಒಮ್ಮೆ ನಿಜವಾದ ಚೂರನ್ನೇ ತೆಗೆದಿದ್ದಳು. ಮುಂದಕ್ಕೆ ಹೋಗೋಣ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಒಂದು ಬೆಳಿಗ್ಗೆ ಅಡುಗೆಮನೆಯ ಗ್ಯಾಸ್ ಸಿಲಿಂಡರು ಎಡಗಣ್ಣಿಗೆ ಹಳೇ ಇಟ್ಟಂಗಿಯ ಬಣ್ಣದಲ್ಲಿ ಕಂಡಿತು. ಬಲಗಣ್ಣಿಗೆ ಕೆಂಪಗೇ ಇತ್ತು. ಗುಡ್ಡೆ ಆಚೀಚೆ ಹೊರಳಿಸಿದರೆ ಕಣ್ಣಿನ ಹಿಂದೆಲ್ಲೋ ನೋವು. ಕೆಲವೇ ದಿನಗಳಲ್ಲಿ ನಡುವಿನ ನೋಟ ಅಳಿಸಿಹೋಯಿತು. ಅವ್ವನ ಕಿವಿಯ ಬೆಂಡೋಲೆ ಕಾಣುತ್ತಿತ್ತು, ತುರುಬು ಕಾಣುತ್ತಿತ್ತು, ಮುಖವಿರಬೇಕಾದಲ್ಲಿ ಬೂದಿ. ದಿನವಿಡೀ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತ ಕುಳಿತಿರುತ್ತಿದ್ದೆ. ಎದೆ ಡಬಡಬ ಬಡಿದುಕೊಳ್ಳುತ್ತಿತ್ತು.

ಕಲಬುರಗಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದೆ.

"ಮೊದ್ಲು ಆಯಿಗಿ ತೋರ್ಸಾಮು. ನಿಮ್ಮಪ್ಪನ ಕಣ್ಣ ಉಳಿಸ್ಯಾಳ ಆಕಿ," ಎಂದಳು ಅವ್ವ.

"ಅಪ್ಪಗ ಕಲ್ಲ ಸಿಡಿದಿತ್ತು. ನಾ ಮನ್ಯಾಗ ಕುಂತು ಓದ್ಲಿಕತ್ತಿದ್ದೆ. ಪುಸ್ತಕದಾಗಿಂದ ಕಲ್ಲ ಸಿಡೀತದೇನವ್ವ?"

"ಗಾಳಿಗಿ ಬಂದಿರ್ತದ. ಶಹಾಬಾದದಾಗ ಹುಟ್ಟಿ ಕಲ್ಲ ಎಲ್ಲಿಂದ ಅಂತ ಕೇಳ್ತೀದಿ ನೋಡು."

ಚರ್ಚಾಸ್ಪರ್ಧೆಯ ಕಪ್ ಗೆದ್ದು ತಂದಿದ್ದ ನಾನು ಮನೆಯಲ್ಲಿ ಸೋತೆ. ಅವ್ವನ ಕಣ್ಣೀರಿನ ಮುಂದೆ ತರ್ಕ ನಡೆಯುವುದಿಲ್ಲ.

ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಆಗಲೇ ಕುಳಿತಿದ್ದರು. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾರವ್ವ ವಕೀಲಮ್ಮ. ಬಾಯಿ ಮುಚ್ಚು, ಕಣ್ಣ ತೆರಿ. ಇಷ್ಟ ದಿನ ಉಲ್ಟಾ ಮಾಡ್ಕೋತ ಬಂದೀದಿ."

ಹೆಂಗಸರು ನಕ್ಕರು. ಅವ್ವನೂ ನಕ್ಕಳು. ನನ್ನ ತಲೆ ಆ ಮುದುಕಿಯ ತೊಡೆಯ ಮೇಲಿತ್ತು. ನಾಲಿಗೆ ತಾಗಿದಾಗ ಲವಂಗದ ಖಾರಕ್ಕೆ ಇಡೀ ಮುಖ ಉರಿದುಹೋಯಿತು. ಆಮೇಲೆ ತಾಟಿನಲ್ಲಿ ಟಿಣ್ ಎಂಬ ಸದ್ದು.

ಜೋಳದ ನುಚ್ಚಿನಷ್ಟು ದೊಡ್ಡ ಬೂದು ಹರಳು. ಬಲಗಣ್ಣಿನಿಂದ ಸ್ಪಷ್ಟವಾಗಿ ನೋಡಿದೆ. "ಇಷ್ಟ ದೊಡ್ಡದು ಒಳಗಿದ್ರ ಕಣ್ಣ ಕೆಂಪ ಆಗ್ತಿರ್ಲಿಲ್ಲೇನು? ಚುಚ್ಚತಿರ್ಲಿಲ್ಲೇನು?" ಎಂದೆ.

"ತಾಟಿನ್ಯಾಗ ಬಿದ್ದದ. ಇನ್ನಾ ಸಾಕ್ಷಿ ಬೇಕೇನ್ ನಿನಗ?"

ಅಲ್ಲಿಗೆ ಚರ್ಚೆ ಮುಗಿಯಿತು. ಅವ್ವ ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು... ನಾನು ಮನೆಗೆ ಬಂದು ಸಂಜೆಯವರೆಗೆ ಮಲಗಿದೆ. ನಂಬಿರಲಿಲ್ಲ, ಆದರೂ ನಿದ್ದೆ ಬಂತು. ಇದರ ಮೇಲೂ ನನಗೆ ಸಿಟ್ಟಿದೆ.

ಕೆಲವು ವಾರಗಳಲ್ಲಿ ನೋಟ ಬಹುಮಟ್ಟಿಗೆ ಮರಳಿತು. ನನಗೆ ಬಂದಿದ್ದ ರೋಗದ ಮೊದಲ ಪೆಟ್ಟು ಎಷ್ಟೋ ಸಲ ಹಾಗೆಯೇ ತಾನಾಗಿ ಇಳಿಯುತ್ತದೆ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದಳಂತೆ ಒಬ್ಬ ಮುದುಕಿ. ನಮ್ಮ ಓಣಿಯಲ್ಲಿ ಮುದುಕಿ ಹೇಳುವ ಅಗತ್ಯವೂ ಇರಲಿಲ್ಲ, ಓಣಿಯೇ ಹೇಳಿತು. ಅವ್ವ ಸಕ್ಕರೆ, ತೆಂಗಿನಕಾಯಿ ಕೊಟ್ಟುಬಂದಳು. ಬೇಸಿಗೆಯಲ್ಲಿ ಬಿಸಿಲಿಗೆ ಹೋದರೆ ಅದೇ ಕಣ್ಣು ಮಬ್ಬಾಗುತ್ತಿತ್ತು, ಕೂಲರ್ ಮುಂದೆ ಕುಳಿತರೆ ತಿಳಿಯಾಗುತ್ತಿತ್ತು. ಡಾಕ್ಟರ ಮಾತೆತ್ತಿದರೆ ಅವ್ವನ ಉತ್ತರ ತಯಾರಿತ್ತು: "ಆಗಿದ್ದು ಆಗ್ಯದ. ಆಯಿ ತೆಗೆದಾಳ, ಮತ್ತ್ಯಾಕ ಡಾಕ್ಟರು?"

ಮರುವರ್ಷ ಸೊಂಟದ ಕೆಳಗೆ ಜೋಮು ಹಿಡಿಯಿತು. ನಡೆದರೆ ಪಾದದಡಿ ಅರಳೆ ಹಾಸಿದ ಹಾಗೆ. ಅದರ ಬೆನ್ನಿಗೇ ಬಲಗಣ್ಣು ಹೋಯಿತು. ಕಾಲು ನೆಕ್ಕಿ ವಾಸಿಮಾಡುವ ಮುದುಕಿ ಇಲ್ಲದ್ದರಿಂದ ಈ ಸಲ ಹೈದರಾಬಾದಿಗೆ ಹೋದೆವು. ತಲೆಯ ಸ್ಕ್ಯಾನ್ ನೋಡಿ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ದೇಹದ ಕಾವಲು ಪಡೆಯೇ ತಿರುಗಿಬಿದ್ದು ನರಗಳ ಮೇಲಿನ ಹೊದಿಕೆಯನ್ನು ಕೆರೆದು ಹಾಕುತ್ತದಂತೆ. ಮೊದಲು ಕಣ್ಣಿಗೆ ಏನಾದರೂ ಆಗಿತ್ತೇ ಎಂದು ಕೇಳಿದರು. ಅವ್ವ ನೆಲ ನೋಡಿದಳು. ನಾನು ಹೇಳಿದೆ. ಆಗಲೇ ಬಂದಿದ್ದರೆ ಪೆಟ್ಟುಗಳನ್ನು ಕಡಿಮೆ ಮಾಡುವ ಔಷಧಿಯನ್ನು ಬೇಗ ಶುರುಮಾಡಬಹುದಿತ್ತು ಎಂದರು. ಬಲಗಣ್ಣು ಉಳಿಯುತ್ತಿತ್ತೇ ಎಂದು ಕೇಳಿದೆ. "ಅದನ್ನ ಖಚಿತವಾಗಿ ಹೇಳೋಕಾಗಲ್ಲಮ್ಮ," ಎಂದರು.

ಬಲಗಣ್ಣು ಪೂರ್ತಿ ಮರಳಲಿಲ್ಲ. ಅಕ್ಷರದ ಮೇಲೆ ಯಾರೋ ಹೆಬ್ಬೆಟ್ಟು ಒತ್ತಿಟ್ಟ ಹಾಗೆ ನಡುವೆ ಒಂದು ಕಲೆ ಉಳಿದಿದೆ.

ಊರಿಗೆ ಬಂದ ಮೇಲೆ ಒಂದು ಮುಂಜಾನೆ ಒಬ್ಬಳೇ ಕಟ್ಟೆಗೆ ಹೋದೆ. ಆಯಿ ತಾಟು ತಿಕ್ಕುತ್ತಿದ್ದಳು.

"ಆಯಿ, ಆ ಹರಳ ಎಲ್ಲಿಂದ ಬಂತು?"

"ನಿನ್ನ ಕಣ್ಣಾಗಿಂದ."

"ನನ್ನ ಕಣ್ಣಾಗ ಹರಳಿರ್ಲಿಲ್ಲ. ನರದ ಬ್ಯಾನಿ ಅದ. ನಿನ್ನ ಬಾಯಾಗಿತ್ತು ಅದು."

ತಿಕ್ಕುವುದನ್ನು ಆಕೆ ನಿಲ್ಲಿಸಲಿಲ್ಲ. ನಾಚಿದ ಹಾಗೂ ಕಾಣಲಿಲ್ಲ. "ನಿಮ್ಮವ್ವ ಅಳ್ಕೋತ ಬಂದಿದ್ಲು. ನೀ ಥರಥರ ನಡಗ್ಲಿಕತ್ತಿದ್ದಿ. ಏನೂ ಸಿಗ್ಲಿಲ್ಲ ಅಂದ್ರ ಮಂದಿ ಫಿಕರ್ ಮಾಡೇ ಸಾಯ್ತಾರ. ಏನರೆ ಸಿಕ್ತಂದ್ರ ಸಮಾಧಾನ. ನಿದ್ದಿ ಬಂತೋ ಇಲ್ಲೋ, ಖರೇ ಹೇಳು."

"ಬಂತು."

"ಮತ್ತ?"

"ನನ್ನ ಕೈಲೆ ಆಗಲ್ಲ, ದವಾಖಾನಿಗಿ ಹೋಗ್ರಿ ಅಂತ ಒಂದ್ ಮಾತ ಅನ್ಲಿಕ್ಕ ಏನಾಗಿತ್ತು ನಿನಗ?"

"ಹಂಗಂದ್ರ ನಾಳಿ ಯಾರ ಬರ್ತಾರ ನನ್ನ ಕಟ್ಟಿಗಿ?"

ಅಷ್ಟೇ. ದೇವರು, ಹರಕೆ, ಕೈಗುಣ ಯಾವುದನ್ನೂ ನಡುವೆ ತರಲಿಲ್ಲ. ಹೇಳಿದ್ದು ನಿಜವನ್ನೇ. ಆ ನಿಜವನ್ನು ಒಂದು ವರ್ಷ ಮೊದಲು ಹೇಳಿದ್ದರೆ ಸಾಕಿತ್ತು. ನಾನು ಎದ್ದು ಬಂದೆ. ಆಮೇಲೆ ಆಕೆಯೊಡನೆ ಮಾತಾಡಲಿಲ್ಲ.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಖಣಿಯ ಆಳುಗಳೆಲ್ಲ ಬಂದು ಅತ್ತರಂತೆ. ಅಳಲಿ, ಅವರ ಕಣ್ಣಿನಲ್ಲಿ ನಿಜವಾಗಿ ಕಲ್ಲಿತ್ತು. ಅವ್ವ ಹೊರಡುವಾಗ ನನ್ನನ್ನೂ ಕರೆದಳು.

"ಸತ್ತಾಕಿ ಜೋಡಿ ಎಂಥಾ ಜಗಳಾನೆ ನಿಂದು?"

"ಇದ್ದಾಗಿಂದೇ, ಮುಗದಿಲ್ಲ," ಎಂದೆ. ಹೋಗಲಿಲ್ಲ.

ಮೊನ್ನೆ ಆ ಬಸ್ಸಿನಲ್ಲಿ ಬರುತ್ತಿದ್ದುದು ಹೈದರಾಬಾದಿನಿಂದಲೇ. ರೈಲಿನಲ್ಲಿ ವಾಡಿಗೆ ಬಂದು ಇಳಿದಿದ್ದೆ. ಪ್ರತಿ ಭೇಟಿಯಲ್ಲೂ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಮತ್ತೆ ಬರುತ್ತದೆಯೇ, ಬಂದರೆ ಯಾವ ಕಣ್ಣು? ಪ್ರತಿ ಸಲವೂ ಅವರು ನನ್ನ ಮುಖ ನೋಡಿಯೇ ಹೇಳುತ್ತಾರೆ, "ಗೊತ್ತಿಲ್ಲಮ್ಮ." ಆ ಮುದುಕಿಯಿಂದ ನಾನು ಬೇಡಿದ್ದು ಈ ಮಾತನ್ನೇ. ಈಗ ಸಿಗುತ್ತಿದೆ, ಕೇಳಿದಾಗಲೆಲ್ಲ ಸಿಗುತ್ತಿದೆ. ಅದನ್ನು ಹೊತ್ತುಕೊಂಡು ಮನೆಗೆ ಬರುತ್ತೇನೆ. ಎದೆ ಮತ್ತೆ ಡಬಡಬ ಎನ್ನುತ್ತದೆ. ಎಚ್ಚರವಾದ ಕೂಡಲೇ ಕಣ್ಣು ತೆರೆಯಲು ಹೆದರಿ ಹಾಗೇ ಬಿದ್ದಿರುತ್ತೇನೆ. ಆ ಹರಳು ಬಿದ್ದ ದಿನ ಮಲಗಿದ ಹಾಗೆ ಆಮೇಲೆ ನಾನು ಮಲಗಿಲ್ಲ.

ಅಂಥ ನಿದ್ದೆ ಇನ್ನೊಮ್ಮೆ ಬೇಕೆನಿಸುತ್ತದೆ. ಕೊಡಬಲ್ಲವಳು ಇಲ್ಲ. ಇದ್ದಿದ್ದರೂ ಆ ಕಟ್ಟೆ ಹತ್ತುತ್ತಿರಲಿಲ್ಲ.