ದುಭಾಷಿ ಹೇಳಿದ ಸುದ್ದಿ

ಸ್ನೇಹ ಸಂಘದ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ದುಭಾಷಿ. ಸಂಘ ಸರ್ಕಾರದ್ದಲ್ಲ, ಔಷಧಿ ಅಂಗಡಿಯೊಂದರ ಮೇಲಿನ ಮೂರು ಕೋಣೆಗಳಲ್ಲಿ ನಡೆಯುತ್ತಿತ್ತು. ಪ್ರತಿವರ್ಷ ಪಕ್ಕದ ದೇಶದಿಂದ ಹನ್ನೆರಡು ಯುವ ಮುಂದಾಳುಗಳು ಮೂರು ವಾರಕ್ಕೆ ಬರುತ್ತಿದ್ದರು, ಇಲ್ಲಿಂದ ಅಷ್ಟೇ ಮಂದಿ ಅಲ್ಲಿಗೆ ಹೋಗುತ್ತಿದ್ದರು. ಶಿಕ್ಷಕರು, ಕಾರ್ಮಿಕ ಸಂಘದವರು, ಪುರಸಭೆಗೆ ಹೊಸದಾಗಿ ಆರಿಸಿ ಬಂದವರು. ಇವರ ಅಜ್ಜಂದಿರ ಕಾಲದಲ್ಲಿ ಎರಡು ದೇಶಗಳೂ ಒಂದರ ಮೇಲೊಂದು ಗುಂಡು ಹಾರಿಸಿದ್ದವು. ಈಗ ಮೊಮ್ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಕಸದ ವಿಲೇವಾರಿ, ಶಾಲೆಯ ಶೌಚಾಲಯ ಅಂತ ಮಾತಾಡುತ್ತಿದ್ದರು.

"ನಮ್ಮ ಅಕ್ಕ ಅರ್ಧ ಮಾತು ನುಂಗ್ತಾರೆ, ಅದಕ್ಕೇ ಇನ್ನೂ ಜಗಳ ಆಗಿಲ್ಲ" ಎಂದು ಕಾರ್ಯದರ್ಶಿ ತಮಾಷೆ ಮಾಡುವುದಿತ್ತು. ಅದು ಸುಳ್ಳು. ಆಕೆ ಒಂದು ಪದವನ್ನೂ ನುಂಗುತ್ತಿರಲಿಲ್ಲ, ತನ್ನದೊಂದು ಪದವನ್ನೂ ಸೇರಿಸುತ್ತಿರಲಿಲ್ಲ. ಮಾತಾಡುವವರು 'ನಾನು' ಎಂದರೆ ಆಕೆಯೂ 'ನಾನು' ಎನ್ನುತ್ತಿದ್ದಳು. ಕಸುಬಿನ ಕಟ್ಟುಪಾಡೇ ಅದು.

ಆ ವರ್ಷ ಬಂದವರಲ್ಲಿ ಇಪ್ಪತ್ತೇಳರ ಒಬ್ಬ ಹುಡುಗಿಯಿದ್ದಳು, ಪುಟ್ಟ ಪಟ್ಟಣವೊಂದರ ಪುರಸಭಾ ಸದಸ್ಯೆ. ಅವಳನ್ನು ಉಳಿಸಿಕೊಂಡಿದ್ದ ಮನೆಯವರಿಗೆ ಜ್ವರ ಬಂದದ್ದರಿಂದ ಏಳನೆಯ ದಿನ ಅಕ್ಕನ ಮನೆಗೆ ಬಂದು ಅಲ್ಲೇ ಇದ್ದಳು. ಗಡಿಯಾರ ರಿಪೇರಿ ಮಾಡುವ ಅಕ್ಕನ ಗಂಡನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಭಾಷೆ ಬಾರದಿದ್ದರೂ ಒಂದು ಗಂಟೆ ಹರಟೆ ಹೊಡೆದಳು.

ಒಂಬತ್ತನೆಯ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಉತ್ತರಿಸಲು ಎದ್ದುನಿಂತಳು. ಹಣೆಗೆ ಕೈಯಿಟ್ಟುಕೊಂಡಳು. ಹಾಗೇ ಕುಸಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಜೀವ ಹೋಗಿತ್ತು. ಮೆದುಳಿನ ರಕ್ತನಾಳ ಒಡೆದಿದೆ, ಹುಟ್ಟಿನಿಂದ ಇದ್ದ ದೋಷ, ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಅಕ್ಕ ಅದನ್ನು ತಂಡದ ಉಳಿದ ಹನ್ನೊಂದು ಜನಕ್ಕೆ ಅವರ ಭಾಷೆಯಲ್ಲಿ ಹೇಳಿದಳು.

"ಅವರ ತಾಯಿಗೆ ಫೋನ್ ಮಾಡ್ಬೇಕು" ಎಂದರು ಕಾರ್ಯದರ್ಶಿ. "ನಾನು ಹೇಳ್ತೀನಿ, ನೀವು ಅವರ ಭಾಷೇಲಿ ಹೇಳಿ, ಅಕ್ಕ."

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹಿಂದಿನ ಕೋಣೆಯಲ್ಲಿ ಇಬ್ಬರೂ ನಿಂತರು. ಕಾರ್ಯದರ್ಶಿ ಒಂದೊಂದೇ ವಾಕ್ಯ ಹೇಳಿದರು. ಅಕ್ಕ ಒಂದೊಂದನ್ನೇ ದಾಟಿಸಿದಳು. ನಾನು ಸಂಘದ ಕಾರ್ಯದರ್ಶಿ. ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ. ನಿಮ್ಮ ಮಗಳು ಇಂದು ಬೆಳಿಗ್ಗೆ ತೀರಿಕೊಂಡಳು. ಅಕ್ಕನ ದನಿ ಎಲ್ಲೂ ನಡುಗಲಿಲ್ಲ.

ಆ ಕಡೆಯಿಂದ ತಾಯಿ ಕೇಳಿದರು, "ಬೆಳಿಗ್ಗೆ ಏನಾದ್ರೂ ತಿಂದಿದ್ಲಾ?"

ಅಕ್ಕ ಕಾರ್ಯದರ್ಶಿಯ ಕಡೆ ತಿರುಗಲಿಲ್ಲ. "ತಿಂದಿದ್ಲು. ಎರಡು ಮೊಟ್ಟೆ, ಬ್ರೆಡ್ಡು. ನನ್ನ ತಟ್ಟೆಯಿಂದ ಅರ್ಧ ಬಾಳೆಹಣ್ಣನ್ನೂ ಇಸ್ಕೊಂಡ್ಲು."

"ಏನಂತೆ?" ಎಂದರು ಕಾರ್ಯದರ್ಶಿ.

"ತಿಂಡಿ ತಿಂದಿದ್ಲಾ ಅಂತ ಕೇಳಿದ್ರು. ಹೇಳ್ದೆ."

ಮನೆಗೆ ಬಂದು ಆಕೆ ಆಲೂಗಡ್ಡೆ ಹೆಚ್ಚಿದಳು, ಅಡುಗೆ ಮಾಡಿದಳು, ಬಟ್ಟೆ ಮಡಚಿದಳು. "ಒಂದ್ಸಲ ಅತ್ತುಬಿಡು" ಎಂದ ಗಂಡ. "ಬರ್ತಿಲ್ಲ" ಎಂದಳು. ನಿಜಕ್ಕೂ ಬರುತ್ತಿರಲಿಲ್ಲ. ಮೈ ಯಾರದ್ದೋ, ಕೈ ಯಾರದ್ದೋ ಅನ್ನುವ ಹಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಗಂಡ ಹಾಗೇ ಉಂಡ, ಆಕೆಗೆ ಗೊತ್ತೇ ಆಗಲಿಲ್ಲ.

ನಾಲ್ಕನೆಯ ದಿನ ತಾಯಿ ಬಂದರು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ, ಅಂಗೈ ಸುಲಿದ ಹೆಂಗಸು. ಕಾಗದಪತ್ರಗಳೆಲ್ಲ ಮುಗಿದ ಮೇಲೆ ಮಗಳು ಮಲಗಿದ್ದ ಕೋಣೆ ನೋಡಬೇಕು ಎಂದರು. ಅಕ್ಕ ಮನೆಗೆ ಕರೆತಂದಳು. ತಾಯಿ ಮಂಚದ ಮೇಲೆ ಕೂತು ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದರು.

"ಗಟ್ಟಿಯಾಗಿದೆ. ಅವಳಿಗೆ ಹೀಗಿದ್ರೇನೇ ನಿದ್ದೆ." ಆಮೇಲೆ ತಲೆಯೆತ್ತಿ, "ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?"

"ಹೌದಮ್ಮ."

"ಅವತ್ತಿಂದ ಆ ದನಿ ಕಿವೀಲೇ ಇದೆ. ಬೇರೆ ಯಾರಾದ್ರೂ ನನ್ನ ಹೆಸರು ಕರೆದ್ರೂ ನೀವೇ ಕರೆದ ಹಾಗಾಗುತ್ತೆ. ಮುಖ ನೋಡಿದ್ರೆ ಹೋಗುತ್ತೇನೋ ಅಂದ್ಕೊಂಡೆ."

"ಹೋಯ್ತಾ?"

"ಇಲ್ಲ."

ಇಬ್ಬರೂ ಅಡುಗೆಮನೆಗೆ ಬಂದು ಟೀ ಕುಡಿದರು. ಆ ಮನೆಯಲ್ಲಿ ದಾಟಿಸಬೇಕಾದ ಮಾತು ಯಾವುದೂ ಇರಲಿಲ್ಲ. ತನ್ನ ಸ್ವಂತದ್ದೇ ಏನಾದರೂ ಹೇಳಬೇಕಿತ್ತು ಎಂದು ಅಕ್ಕನಿಗೆ ಅನ್ನಿಸಿತು. ಇನ್ನೊಂದು ಲೋಟ ಟೀ ಬಗ್ಗಿಸಿದಳು.

ಎರಡು ತಿಂಗಳ ಮೇಲೆ ತಾಯಿಯ ಕಾಗದ ಬಂತು. ಅಲ್ಲಿ ಅವಳು ಏನೇನು ಮಾತಾಡಿದಳು, ನೆನಪಿದ್ದಷ್ಟು ಬರೆಯಿರಿ ಎಂದಿದ್ದರು. ಭಾಷಣದ ನಡುವೆ ಅಕ್ಕ ಗೀಚಿಕೊಳ್ಳುತ್ತಿದ್ದ ಪುಸ್ತಕ ಬೀರುವಿನಲ್ಲೇ ಇತ್ತು. ಬಾಣ, ಸೊನ್ನೆ, ಅರ್ಧರ್ಧ ಅಕ್ಷರ. ಬೇರೆ ಯಾರಿಗೂ ಓದಲು ಬರುವಂಥದ್ದಲ್ಲ. ಪ್ರತಿ ಸಾರಿ ತಂಡ ಹೊರಟ ಮೇಲೆ ಅದನ್ನು ಹರಿದುಹಾಕುವುದು ರೂಢಿ. ಈ ಸಲ ಅದೊಂದು ಕೆಲಸ ಹಾಗೇ ಉಳಿದಿತ್ತು.

ದಿನಾ ಕಚೇರಿಯಿಂದ ಬಂದು ಒಂದು ಗಂಟೆ ಕೂತು ಬರೆದಳು. ಬಸ್ ನಿಲ್ದಾಣವನ್ನು ಆಸ್ಪತ್ರೆಯ ಗೇಟಿನ ಹತ್ತಿರಕ್ಕೆ ತರಿಸಲು ಹುಡುಗಿ ಹದಿನಾಲ್ಕು ಅರ್ಜಿ ಬರೆದದ್ದು, ಮುದುಕ ಸದಸ್ಯನೊಬ್ಬ ಅವಳನ್ನು 'ಮಗೂ' ಎಂದು ಕರೆದಾಗ ಅವಳೂ ಅವನನ್ನು 'ಮಗೂ' ಎಂದದ್ದು. ಒಂದು ಪುಟದಲ್ಲಿ ನಗುವಿನ ಗುರುತಿತ್ತು, ಆದರೆ ಯಾಕೆಂದು ತಿಳಿಯಲಿಲ್ಲ. 'ಮಳೆನೀರಿನ ಚರಂಡಿಯ ವಿಷಯ ಬಂದಾಗ ನಕ್ಕಳು, ಕಾರಣ ನನಗೆ ನೆನಪಿಲ್ಲ' ಎಂದು ಇದ್ದದ್ದನ್ನು ಇದ್ದಂತೆ ಬರೆದಳು. ಒಟ್ಟು ಮೂವತ್ತೊಂದು ಪುಟವಾಯಿತು. ಬರೆಯುವಾಗಲೂ ಕಣ್ಣು ಒಣಗೇ ಇತ್ತು.

ಉತ್ತರ ನಾಲ್ಕೇ ಸಾಲು. 'ದಿನಕ್ಕೊಂದು ಪುಟ ಓದುತ್ತಿದ್ದೇನೆ. ಚರಂಡಿಯ ಹತ್ತಿರ ಯಾಕೆ ನಕ್ಕಳೆಂದು ನನಗೆ ಗೊತ್ತು. ಸಣ್ಣವಳಿದ್ದಾಗ ಅವಳೊಮ್ಮೆ ಅದರಲ್ಲಿ ಬಿದ್ದಿದ್ದಳು. ಮುಂದಿನ ಸಲ ನಿಮ್ಮಲ್ಲಿಂದ ಬರುವ ಒಬ್ಬಳನ್ನು ನನ್ನ ಮನೆಗೆ ಕಳಿಸಿ.'

ಅಕ್ಕ ಕಾಗದವನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಓದಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾರನ್ನ ಕಳಿಸೋಣ?"

"ಚೆನ್ನಾಗಿ ತಿನ್ನೋಳು ಯಾರಾದ್ರೂ ಇರ್ಲಿ" ಎಂದು ಅಕ್ಕ ಮುಂದಿನ ಸಲ ಅಲ್ಲಿಗೆ ಹೋಗುವವರ ಪಟ್ಟಿ ತೆಗೆದಳು.