ಮುಚ್ಚಳದ ಮೇಲಿನ ಅರಿಶಿನ

ನನ್ನ ಮೇಜಿನ ಮೇಲೆ ಕಿರುಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಕೊಳವೆ ಇದೆ. ಅದರ ನೀಲಿ ಮುಚ್ಚಳದ ನಡುವೆ ಉಂಗುರದ ಬೆರಳಿನಿಂದ ಇಟ್ಟ ಅರಿಶಿನದ ಬೊಟ್ಟು, ಈಗ ಒಣಗಿ ಸ್ವಲ್ಪ ಬಿರುಕು ಬಿಟ್ಟಿದೆ. ಪ್ರಯೋಗಾಲಯಕ್ಕೆ ಬಂದವರೆಲ್ಲ ಅದನ್ನು ನೋಡಿ ಒಮ್ಮೆ ನಗುತ್ತಾರೆ. ನಗಲಿ. ಒರೆಸು ಎಂದವರಿಗೆ ಆಗುವುದಿಲ್ಲ ಎಂದಿದ್ದೇನೆ, ಮುಂದೆಯೂ ಅನ್ನುತ್ತೇನೆ. ಒಂದು ಬೊಟ್ಟಿಗಾಗಿ ಇಷ್ಟೊಂದು ಹಟವೇ ಎಂದು ಕೇಳುತ್ತೀರಾದರೆ ಬನ್ನಿ, ಕುಳಿತುಕೊಳ್ಳಿ, ಹೇಳುತ್ತೇನೆ.

ನಾನು ಕೋಲಾರದಲ್ಲಿ ಹಾಲು ಪರೀಕ್ಷಿಸುವವಳು. ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನೋಡುವ ಪರೀಕ್ಷೆಯಲ್ಲ. ಹಸುವಿಗೆ ಕೆಚ್ಚಲು ಬಾವು ಬರುವಾಗ, ಕೆಚ್ಚಲು ಕೆಂಪಾಗಿ ಊದಿಕೊಳ್ಳುವುದಕ್ಕೂ ಮೊದಲೇ ಹಾಲಿನಲ್ಲಿ ಕೆಲವು ಪ್ರೋಟೀನುಗಳು ಸದ್ದಿಲ್ಲದೆ ಏರತೊಡಗುತ್ತವೆ. ಅವುಗಳಲ್ಲಿ ಯಾವುದನ್ನು ನಂಬಬಹುದು, ಎಷ್ಟು ಏರಿದರೆ ಹೆದರಬೇಕು ಎಂದು ಕಂಡುಕೊಳ್ಳುವುದು ನಮ್ಮ ಕೆಲಸ. ಅದಕ್ಕಿರುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಹೆಸರಿಗೆ ಬೆದರಬೇಡಿ, ಅದೊಂದು ಅತಿಸೂಕ್ಷ್ಮವಾದ ತಕ್ಕಡಿ. ಪ್ರೋಟೀನನ್ನು ಕಿಣ್ವ ಹಾಕಿ ತುಂಡರಿಸಿ, ಆ ತುಂಡುಗಳಿಗೆ ವಿದ್ಯುದಂಶ ಕೊಟ್ಟು ಒಳಗೆ ಹಾರಿಸಿದರೆ ಅದು ಒಂದೊಂದರ ತೂಕವನ್ನೂ ಗೆರೆಗಳಲ್ಲಿ ತೋರಿಸುತ್ತದೆ. ತೂಕದಿಂದ ತುಂಡಿನ ಗುರುತು, ತುಂಡಿನಿಂದ ಪ್ರೋಟೀನಿನ ಗುರುತು. ಪ್ರಮಾಣ ಗೊತ್ತಿರುವ, ತುಸು ಭಾರವಾದ ಅಂಥದೇ ತುಂಡನ್ನು ಜೊತೆಗೆ ಬೆರೆಸಿ ಹೋಲಿಸಿದರೆ ಹಾಲಿನಲ್ಲಿ ಅದು ಎಷ್ಟಿದೆ ಎಂಬುದೂ ತಿಳಿಯುತ್ತದೆ.

ಈ ಕೆಲಸ ನನಗೆ ಬರೀ ನೌಕರಿಯಲ್ಲ. ಕ್ಯಾಲನೂರಿನಲ್ಲಿ ನನ್ನ ಚಿಕ್ಕಮ್ಮ ನಾರಾಯಣಮ್ಮನಿಗೆ ಬೆಳ್ಳಿ ಎಂಬ ಒಂದೇ ಒಂದು ಸೀಮೆಹಸು. ಹೋದ ವರ್ಷ ಅದಕ್ಕೆ ಬಾವು ಬಂದದ್ದು ಗೊತ್ತಾದದ್ದು ಹಾಲಿನಲ್ಲಿ ರಕ್ತ ಕಂಡ ಮೇಲೆ. ಕೆಚ್ಚಲಿನ ಒಂದು ತೊಟ್ಟು ಶಾಶ್ವತವಾಗಿ ಬತ್ತಿಹೋಯಿತು. ಇನ್ನೊಂದು ಹೋದರೆ ಬೆಳ್ಳಿ ಆ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ, ಅದು ಚಿಕ್ಕಮ್ಮನಿಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ನಮ್ಮ ಅಧ್ಯಯನಕ್ಕೆ ಕ್ಯಾಲನೂರು, ಟೇಕಲ್, ತಾಯಲೂರಿನ, ಒಂದೆರಡೇ ಹಸು ಸಾಕುವ ಮನೆಗಳನ್ನು ಸೇರಿಸಿಕೊಳ್ಳಲು ಹಟ ಹಿಡಿದು ಒಪ್ಪಿಸಿದವಳು ನಾನೇ.

ಮೊದಲ ಕಂತಿನ ಹಾಲು ಬಂತು, ಯಂತ್ರಕ್ಕೆ ಹೋಯಿತು, ಅಯ್ಯೋ ದೇವರೇ, ನನ್ನ ಮಾನವೂ ಅದರ ಜೊತೆಗೇ ಹೋಯಿತು! ಹಾಲಿಗೆ ಸಂಬಂಧವೇ ಇಲ್ಲದ ಗೆರೆಗಳು ಪರದೆಯ ತುಂಬ ಎದ್ದು ನಿಂತಿದ್ದವು. ನಮಗೆ ಬೇಕಾದ ಪ್ರೋಟೀನು ಆ ಗದ್ದಲದಲ್ಲಿ ಎಲ್ಲಿ ಮುಳುಗಿತ್ತೋ. ಹುಡುಕಿ ನೋಡಿದರೆ ಅರಿಶಿನ! ಕೊಳವೆಗಳೊಳಗಿನ ಹಳದಿ ಛಾಯೆಯನ್ನು ನಾವೆಲ್ಲ ಹಸುವಿನ ಹಾಲಿನ ಸಹಜ ಬಣ್ಣ ಎಂದುಕೊಂಡಿದ್ದೆವು.

ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ, ಅವಸರದವರು. "ನೋಡಮ್ಮ, ಹಳ್ಳಿ ಸ್ಯಾಂಪಲ್ ಎಲ್ಲಾ ತೆಗೆದುಹಾಕಿಬಿಡು. ಮಾಲೂರು ಕಡೆ ದೊಡ್ಡ ಫಾರಂನೋರು ಕ್ಲೀನಾಗಿ ಕೊಡ್ತಾರೆ, ಅದೇ ಸಾಕು" ಎಂದರು.

ನನಗೆ ಉರಿದುಹೋಯಿತು. ನೀವೇ ಯೋಚಿಸಿ. ಫ್ಯಾನಿನ ಗಾಳಿಯಲ್ಲಿ ನಿಂತು ಅಳತೆಯ ಮೇವು ತಿನ್ನುವ ಹಸುಗಳ ಹಾಲಿನಿಂದಷ್ಟೇ ಆರೋಗ್ಯದ ಗಡಿರೇಖೆ ಎಳೆದರೆ, ರಾಗಿಹುಲ್ಲು ತಿಂದು ಬೇಲಿಯ ಬದಿಯಲ್ಲಿ ಮೇಯುವ ಹಸುವನ್ನು ಆ ರೇಖೆಯಿಂದ ಅಳೆಯುವುದು ಹೇಗೆ? ನಾಳೆ ಈ ಪರೀಕ್ಷೆ ಊರೂರಿಗೆ ಬಂದಾಗ ಅದು ಬೆಳ್ಳಿಯ ವಿಷಯದಲ್ಲಿ ಸುಳ್ಳು ಹೇಳಿದರೆ ಹೊಣೆ ಯಾರು? ಎಲ್ಲರಿಗೂ ಎಂದು ಹೇಳಿಕೊಂಡು ಕೆಲವರನ್ನಷ್ಟೇ ಅಳೆದು ಮುಗಿಸುವ ವಿಜ್ಞಾನಕ್ಕೆ ನಾನು ಕೈ ಜೋಡಿಸಲಾರೆ. ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ. ಅವರು ಪೆನ್ನು ತಿರುಗಿಸುತ್ತ, "ಇನ್ನೊಂದೇ ಸಲ ತಗೊಂಡು ಬಾ. ಅದೂ ಕೆಟ್ಟರೆ ಹಳ್ಳಿ ಕೈಬಿಡೋದೇ" ಎಂದರು.

ನೆಟ್ಟಗೆ ಕ್ಯಾಲನೂರಿಗೆ ಹೋದೆ. ಚಿಕ್ಕಮ್ಮ ಬೆಳ್ಳಿಗೆ ಬೂಸಾ ಕಲೆಸುತ್ತಿದ್ದಳು.

"ಚಿಕ್ಕಮ್ಮ, ಹಾಲಿಗೆ ಅರಿಶಿನ ಹಾಕಿದ್ಯಾ?"

"ಹೂಂ ಕಣೇ, ಒಂದ್ ಚಿಟಿಕೆ. ಎಲ್ರಿಗೂ ನಾನೇ ಹೇಳಿಕೊಟ್ಟೆ, ತಾಯಲೂರಾಗಿರೋ ನನ್ ತಂಗೀಗೂ ಫೋನ್ ಮಾಡಿ ಹೇಳ್ದೆ" ಎಂದಳು, ಬಹುಮಾನ ನಿರೀಕ್ಷಿಸುವವಳ ಹಾಗೆ.

"ದಿನಾ ಡೈರಿಗೆ ಹಾಕೋವಾಗ ಹಾಕಲ್ಲ, ನಮಗ್ಯಾಕೆ ಹಾಕ್ದೆ?"

"ಡೈರಿಯೋರು ಅಳೆದು ಕ್ಯಾನಿಗೆ ಸುರೀತಾರೆ, ಆಯ್ತು. ನೀವು ಮಿಷನ್ನಾಗೆ ಇಟ್ಟು ಒಳಗೆಲ್ಲಾ ದಿಟ್ಟಿಸಿ ನೋಡ್ತೀರಂತೆ. ಹಂಗ್ ನೋಡಿದ್ರೆ ಹಸೂಗೆ ದೃಷ್ಟಿ ಆಗಲ್ವೇನೇ? ಒಂದ್ ತೊಟ್ಟು ಆಗ್ಲೇ ಹೋಗೈತೆ ನಂದು!"

ಬೈಯಲೆಂದೇ ಹೋಗಿದ್ದೆ. ತಪ್ಪು ತಪ್ಪೇ, ಆ ಚಿಟಿಕೆ ನಮ್ಮ ಎಷ್ಟೋ ತಿಂಗಳ ದುಡಿಮೆಯನ್ನು ಕೆಡಿಸಿತ್ತು. ಆದರೆ ಅದು ಉಡಾಫೆಯಿಂದ ಆದ ತಪ್ಪಲ್ಲ, ಹಸುವಿನ ಮೇಲಿನ ಪ್ರಾಣದಿಂದ ಆದದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹಾಲಿನೊಳಗೆ ಏನು ಬಿದ್ದರೂ ಯಂತ್ರ ಬೆಳ್ಳಿಯನ್ನು ಬಿಟ್ಟು ಅದನ್ನೇ ನೋಡುತ್ತದೆ, ಆಗ ಬೆಳ್ಳಿಗೆ ಏನಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಚಿಕ್ಕಮ್ಮ ಬೂಸಾದಿಂದ ಕೈ ತೆಗೆದಳು. "ಒಳಗ್ ಬ್ಯಾಡ ಅಂದ್ರೆ ಪರವಾಲೇದು, ಮುಚ್ಚಳದ ಮ್ಯಾಲೆ ಇಡ್ತೀನಿ. ಅದಕ್ಕೂ ಬ್ಯಾಡ ಅಂದ್ರೆ ಹಾಲೇ ಕೊಡಲ್ಲ, ಹೋಗೇ!" ಎಂದಳು.

ಹಾಗಾಗಿ ಎರಡನೆಯ ಕಂತಿನ ಕೊಳವೆಗಳು ಸಾಲು ಸಾಲಾಗಿ ಬೊಟ್ಟಿಟ್ಟುಕೊಂಡು ಬಂದವು. ಮುಖ್ಯಸ್ಥರು ಕಣ್ಣರಳಿಸಿ, "ಇದನ್ನಾದ್ರೂ ಒರೆಸಮ್ಮ, ಹೊರಗಿನೋರು ನೋಡಿದ್ರೆ ಏನಂತಾರೆ" ಎಂದರು.

ಆಗ ನಾನು ಯಂತ್ರದ ಕಡೆ ನೋಡಿದೆ. ಆಯುಧಪೂಜೆಯಲ್ಲಿ ಅದರ ಬಿಳಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಈ ವರ್ಷವಾದರೂ ಕೈಕೊಡದಿರಲಿ ಎಂದು ನಾವೆಲ್ಲ, ಅವರೂ, ಕೈಮುಗಿದು ನಿಂತಿದ್ದೆವಲ್ಲ! ನಮ್ಮ ಭಯಕ್ಕೆ ಸಂಪ್ರದಾಯವೆಂಬ ಗೌರವ, ಚಿಕ್ಕಮ್ಮನ ಭಯಕ್ಕೆ ಮೌಢ್ಯವೆಂಬ ಹೆಸರು. ಇದ್ಯಾವ ಸೀಮೆಯ ನ್ಯಾಯ?

"ಒರೆಸ್ತೀನಿ ಸಾರ್. ಮೊದಲು ಮಿಷನ್ ಮೇಲಿರೋದನ್ನ ನೀವು ಒರೆಸಿ" ಎಂದೆ.

ಅವರು ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು, ಕಾಫಿಗೆ ಹೋದರು.

ಈ ಸಲ ಗೆರೆಗಳು ತಿಳಿಯಾಗಿ ಬಂದವು. ಹಳ್ಳಿಯ ಹಸುಗಳು ಅಧ್ಯಯನದಲ್ಲಿ ಉಳಿದವು, ಮುಖ್ಯಸ್ಥರೇ ಸಹಿ ಹಾಕಿದರು. ಆ ಸಾಲಿನಲ್ಲಿ ಒಂದು ಕೊಳವೆಯ ಪ್ರೋಟೀನು ಮಾತ್ರ ಮಿಕ್ಕವುಗಳಿಗಿಂತ ಬಹಳ ಎತ್ತರಕ್ಕೆ ಎದ್ದಿತ್ತು. ಯಾರದೆಂದು ನೋಡಿದೆ. ಬೆಳ್ಳಿಯದು. ಕೂಡಲೇ ಕ್ಯಾಲನೂರಿಗೆ ಫೋನು ಮಾಡಿದೆ. "ಹಸ ಚೆನ್ನಾಗೇ ಐತಲ್ಲೇ, ಕೆಚ್ಚಲು ಮೆತ್ತಗೈತೆ, ಹಾಲೂ ಬೆಳ್ಳಗೈತೆ" ಎಂದು ಚಿಕ್ಕಮ್ಮ ವಾದಿಸಿದಳು. ಆದರೂ ಪಶುವೈದ್ಯರನ್ನು ಕಳಿಸಿದೆ. ಒಂದೊಂದೇ ತೊಟ್ಟಿನ ಹಾಲು ಹಿಂಡಿ ನೋಡಿದಾಗ, ಒಂದರಲ್ಲಿ ಬಾವು ಆಗತಾನೇ ಶುರುವಾಗಿತ್ತು. ಔಷಧಿ ಬಿತ್ತು, ಕೆಚ್ಚಲು ಊದಲೇ ಇಲ್ಲ. ಒಂದು ಹಸುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು, ಪಾಠ ಹೇಳಬೇಡಿ. ಬೆಳ್ಳಿ ಉಳಿಯಿತು, ಆ ದಿನ ನನಗೆ ಅಷ್ಟೇ ಸಾಕಾಗಿತ್ತು.

ವಾರ ಕಳೆದು ಚಿಕ್ಕಮ್ಮನೇ ಫೋನು ಮಾಡಿದಳು. "ನೋಡ್ದೇನೇ? ಬೊಟ್ಟು ಇಟ್ಟಿದ್ದಕ್ಕೇ ಕಾಪಾಡ್ತು. ನಿನ್ ಮಿಷನ್ ಬರೀ ನೆಪ!"

ಮುಖ್ಯಸ್ಥರೊಡನೆ ಜಗಳವಾಡಿದ ಈ ನಾಲಿಗೆ, ನೋಡಿ, ಅವಳೆದುರು "ಹೂಂ ಚಿಕ್ಕಮ್ಮ" ಎಂದು ಸುಮ್ಮನಾಯಿತು. ಬೆಳ್ಳಿಯ ಆ ಕೊಳವೆಯೇ ಇದು. ಈಗ ಖಾಲಿ. ಮುಚ್ಚಳದ ಬೊಟ್ಟು ಒರೆಸಲೇಬೇಕು ಎನ್ನುವವರು ಕ್ಯಾಲನೂರಿಗೆ ಹೋಗಿ, ಹಾಲು ಹಿಂಡುತ್ತಿರುವ ಚಿಕ್ಕಮ್ಮನ ಎದುರು ನಿಂತು ಆ ಮಾತು ಹೇಳಲಿ.